ಕಳ್ಳ ಹೂಂ

ಬೆಳಿಗ್ಗೆ ಹಲ್ಲುಜ್ಜುವಾಗ ಅವಳ ಬಾಯಿಗೆ ನೊರೆಯ ಜೊತೆ ಆ ಎರಡು ಮಾತೂ ಬಂದವು. ಸಣ್ಣಪುಟ್ಟ ತಿದ್ದುಪಡಿಗಳು. ಉಗಿದಳು. ಬಾಯಿ ಮುಕ್ಕಳಿಸಿ, ಕನ್ನಡಿಯ ಕಡೆ ನೋಡದೆ ಟವೆಲಿಗೆ ಕೈ ಚಾಚಿದಳು. ಬಾಗಿಲಿನಾಚೆ ಅಮ್ಮನ ದನಿ: "ಲೋಟ ಬಲಗಡೆ ಇಟ್ಟಿದೀನಿ ಕಣಮ್ಮ, ಎಡಗಡೆ ತಡಕಾಡಬೇಡ. ಅವತ್ತೇ ಒಂದು ಮಾತು ಬಾಯಿಬಿಟ್ಟು ಹೇಳಿದ್ರೆ ಈ ಪಾಡು ಬರ್ತಿತ್ತಾ?" ಅದು ಅಜ್ಜಿಗೆ. ಲೋಟ ಮೇಜಿಗೆ ತಾಗಿದ ಸದ್ದು ಬಂತು, ಅಷ್ಟೆ. ಮೂರು ತಿಂಗಳಿಂದ ಅಮ್ಮ ದಿನಕ್ಕೊಂದು ಸಲವಾದರೂ ತನ್ನ ತಾಯಿಯನ್ನು ಇದೇ ಪ್ರಶ್ನೆ ಕೇಳುತ್ತಾಳೆ. ಅಜ್ಜಿ ದಿನಕ್ಕೊಂದು ಸಲ ಸುಮ್ಮನಿರುತ್ತಾಳೆ. ಮತ್ತು ಅವಳು, ಇಬ್ಬರ ನಡುವೆ ಎಲ್ಲಾದರೂ ಒಂದು ಬಾಗಿಲಿನ ಹಿಂದೆ, ಟವೆಲಿನಲ್ಲೋ ಫೋನಿನಲ್ಲೋ ಮುಖ ಹುದುಗಿಸಿಕೊಂಡಿರುತ್ತಾಳೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸಿಕ್ಕಿದ್ದಕ್ಕೂ ಅಳುಕು, ಸಂಜೆಯೊಳಗೆ ಯಾರೋ ಬಂದು ಅದನ್ನೂ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಳು. ಇವತ್ತು ಮಂಗಳವಾರ. ಮೂರು ತಿಂಗಳಿಗೊಂದು ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ಅವಳ ಆಫೀಸಿನ ಲೈಬ್ರರಿಯ ಹೊಸ ಆವೃತ್ತಿ ಹೊರಡುತ್ತದೆ. ಲೈಬ್ರರಿ ಎಂದರೆ ಪುಸ್ತಕದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅಜ್ಜಿ, "ಎಷ್ಟು ಪುಸ್ತಕ ಇದಾವೆ ಪುಟ್ಟಿ, ಕಥೆದು ಒಂದು ತಂದು ಓದಿ ಹೇಳೆ," ಎಂದು ಕೇಳಿದಾಗ ಅವಳು ವಿವರಿಸಲು ಹೆಣಗಿದ್ದಳು: ಬೇರೆಯವರು ಪ್ರೋಗ್ರಾಮ್ ಬರೀತಾರೆ ಅಜ್ಜಿ, ಅವರು ಫೋಟೋನೋ ಹಾಡೋ ಕ್ಲೌಡಿಗೆ ಕಳಿಸ್ಬೇಕು ಅಂದ್ರೆ ನಮ್ಮದು ಹೊತ್ಕೊಂಡು ಹೋಗಿ ಕೊಟ್ಟು ಬರುತ್ತೆ. "ಅಂದ್ರೆ ಕೂಲಿ," ಎಂದಿದ್ದಳು ಅಜ್ಜಿ. ಹೂಂ, ಕೂಲಿ. "ಮತ್ತೆ ಲೈಬ್ರರಿ ಅಂತ ಯಾಕಂತೀರಿ, ದೊಡ್ಡಸ್ತಿಕೆಗಾ?" ಆಗ ಅಜ್ಜಿಗೆ ಎರಡೂ ಕಣ್ಣು ಕಾಣುತ್ತಿದ್ದವು. ನಗುವಾಗ ಎರಡೂ ಮುಚ್ಚಿಕೊಳ್ಳುತ್ತಿದ್ದವು. ಈಗ ನಗುವಾಗ ಎಡಗಣ್ಣು ಎತ್ತಲೋ ನೋಡುತ್ತಿರುತ್ತದೆ, ನಗುವಿನ ಸುದ್ದಿ ಅದಕ್ಕಿನ್ನೂ ತಲುಪಿಲ್ಲವೇನೋ ಎಂಬಂತೆ.

ಪ್ರತಿ ಆವೃತ್ತಿಗೂ ಮೂರು ಅಂಕಿ. ಮೊದಲನೆಯದು ಬದಲಾದರೆ ಮನೆಯೇ ಬದಲಾದಂತೆ, ಎರಡನೆಯದು ಬದಲಾದರೆ ಒಂದು ಕೋಣೆ ಹೊಸದಾಗಿ ಕಟ್ಟಿದಂತೆ, ಮೂರನೆಯದು ಗೋಡೆಗೆ ಮೊಳೆ ಹೊಡೆದಂತೆ. ಮೊಳೆ ಹೊಡೆಯಲು ಯಾರನ್ನು ಕೇಳಬೇಕು? ಮೂರನೆಯ ಅಂಕಿ ಬದಲಾದಾಗ ಎಲ್ಲೆಲ್ಲಿಯೋ ಇರುವ ಸಾವಿರಾರು ಯಂತ್ರಗಳು ಯಾರನ್ನೂ ಕೇಳದೆ ಹೊಸದನ್ನು ಎಳೆದುಕೊಂಡು ಹಳೆಯದನ್ನು ಬಿಟ್ಟುಬಿಡುತ್ತವೆ. ಮೂರು ತಿಂಗಳ ಹಿಂದೆ ಅವಳು ನಾಲ್ಕು-ಹನ್ನೊಂದು-ಏಳರಲ್ಲಿ ಒಂದು ಮೊಳೆ ಹೊಡೆದಿದ್ದಳು. ದೊಡ್ಡ ಕಡತಗಳನ್ನು ಲೈಬ್ರರಿ ತುಂಡು ತುಂಡಾಗಿ ಕಳಿಸುತ್ತದೆ. ಆಚೆ, ಕ್ಲೌಡಿನ ಉಗ್ರಾಣ ಎಲ್ಲ ತುಂಡು ಸಿಕ್ಕ ಮೇಲೆ 'ಬಂತು' ಎನ್ನುತ್ತದೆ. ಅವನ್ನೆಲ್ಲ ಜೋಡಿಸಿ ಒಳಗಿಟ್ಟ ಮೇಲೆ 'ಇಟ್ಟೆ' ಎನ್ನುತ್ತದೆ. ಲೈಬ್ರರಿ ಮೊದಲಿಂದಲೂ 'ಇಟ್ಟೆ' ಎನ್ನುವ ತನಕ ಕಾದು, ಆಮೇಲೆ ತನ್ನ ಯಜಮಾನನಿಗೆ ಸರಿ ಹೋಯ್ತು ಎಂದು ವರದಿ ಮಾಡುತ್ತಿತ್ತು. ಈ ಕಾಯುವುದರಲ್ಲಿ ಒಂಬತ್ತು ಸೆಕೆಂಡು ಹೋಗುತ್ತಿತ್ತು. ಉಗ್ರಾಣ 'ಬಂತು' ಎಂದ ಕೂಡಲೆ ಲೈಬ್ರರಿ ಸರಿ ಎಂದುಬಿಡುವಂತೆ ಅವಳು ಮಾಡಿದಳು. ಪರೀಕ್ಷೆಯಲ್ಲಿ ಒಂದು ಸಲವೂ ತಪ್ಪಲಿಲ್ಲ. ಆವೃತ್ತಿಯ ಟಿಪ್ಪಣಿಯಲ್ಲಿ, ಸಣ್ಣಪುಟ್ಟ ತಿದ್ದುಪಡಿಗಳು, ವೇಗದಲ್ಲಿ ಸುಧಾರಣೆ, ಎಂದು ಬರೆದಳು. ಒಂಬತ್ತು ಸೆಕೆಂಡಿಗಾಗಿ ಸಭೆಯಲ್ಲಿ ಜನ ಚಪ್ಪಾಳೆ ತಟ್ಟಿದರು. ಅವಳು ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತಿದ್ದಳು.

ಚಿಕ್ಕವಳಿದ್ದಾಗ ಅಜ್ಜಿಯ ಕಥೆಗೆ ಹೂಂಗುಡಬೇಕಿತ್ತು. ಅದು ಕರಾರು. ಅವಳು ಗೋಡೆಯ ಕಡೆ, ಅಜ್ಜಿ ಹೊರಗಿನ ಕಡೆ ಮಲಗಿ, ಮಧ್ಯಾಹ್ನದ ಬಿಸಿಲು ಪರದೆಯಿಂದ ಸೋಸಿಕೊಂಡು ಬರುತ್ತಿರುವಾಗ ಒಂದೂರಲ್ಲಿ ಒಬ್ಬ ರಾಜ ಇದ್ದ. ಹೂಂ. ಅವನಿಗೆ ಒಂದು ಕುದುರೆ ಇತ್ತು. ಹೂಂ. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು, ಕುದುರೆ ಒಂದು ಕಾಲೆತ್ತಿದ್ದು ಎತ್ತಿದ ಹಾಗೇ. ನಿದ್ದೆ ಬರುತ್ತಿದ್ದರೂ ಕುದುರೆಯ ಮೇಲಿನ ಕರುಣೆಗೆ ಅವಳು ಹೂಂ, ಹೂಂ ಎನ್ನುತ್ತಲೇ ಇರುತ್ತಿದ್ದಳು. ಅಜ್ಜಿಗೆ ಅದು ಗೊತ್ತಾಗುತ್ತಿತ್ತು. ದನಿಯಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲದೆ, "ರಾಜ ಮನೆಗೆ ಬಂದು ತಲೆ ಕಳಚಿ ಗೂಟಕ್ಕೆ ನೇತುಹಾಕಿ ಊಟಕ್ಕೆ ಕೂತ," ಎನ್ನುತ್ತಿದ್ದಳು. ಹೂಂ, ಎನ್ನುತ್ತಿದ್ದಳು ಅವಳು. ಆಗ ಪಕ್ಕೆಗೆ ಬೆರಳು ಚುಚ್ಚುತ್ತಿತ್ತು: "ಕಳ್ಳ ಹೂಂ. ತಲೆ ಇಲ್ದೆ ಯಾವ ಬಾಯಲ್ಲಿ ಉಣ್ತಾನೆ ನಿನ್ನ ರಾಜ? ಕಳ್ಳ ಹೂಂ ಅಂದೋರಿಗೆ ಕಥೆ ಮುಂದಕ್ಕೆ ಹೋಗಲ್ಲ."

ಇಳಿಯುವ ನಿಲ್ದಾಣ ದಾಟಿಹೋಗಿತ್ತು. ಒಂದು ನಿಲ್ದಾಣದಷ್ಟು ಹಿಂದಕ್ಕೆ ನಡೆದು, ಗಾಜಿನ ಬಾಗಿಲ ಮುಂದೆ ಕುತ್ತಿಗೆಯ ಕಾರ್ಡು ಹಿಡಿದಳು. ಕೆಂಪು ದೀಪ. ಮತ್ತೆ ಹಿಡಿದಳು. ಹಿಂದೆ ಇಬ್ಬರು ನಿಂತಿದ್ದರು, ಒಬ್ಬ ಗಂಟಲು ಸರಿಮಾಡಿಕೊಂಡ. ಕೆಲಸದಿಂದ ತೆಗೆದೇಬಿಟ್ಟರೇ ಎಂದುಕೊಳ್ಳುತ್ತ ಮೂರನೆಯ ಸಲ ಹಿಡಿದಳು. ಕಾವಲಿನವನು ಕೂತಲ್ಲಿಂದಲೇ, "ಉಲ್ಟಾ ಹಿಡಿದಿದೀರ ಮೇಡಂ, ನಿಮ್ಮ ಫೋಟೋ ನಿಮಗೇ ಕಾಣೋ ಹಾಗೆ ಹಿಡೀಬೇಡಿ, ಅದಕ್ಕೆ ತೋರಿಸಿ," ಎಂದ. ಹಿಂದಿನವರು ನಕ್ಕರು. ಅವಳೂ ನಕ್ಕಳು, ಅಗತ್ಯಕ್ಕಿಂತ ಹೆಚ್ಚು ಹೊತ್ತು.

ಪತ್ರ ಕಳೆದ ಗುರುವಾರ ಬಂದಿತ್ತು. ಬಳಸುವವರು ದೂರು ಬರೆಯುವ ಪುಟದಲ್ಲಿ, ಯಾರು ಬೇಕಾದರೂ ಓದಬಹುದಾದಂತೆ. ಬರೆದವನು ಪ್ರೋಗ್ರಾಮಿನವನಲ್ಲ, ಮುಚ್ಚಿಹೋದ ಒಂದು ಗಿರಣಿಯಲ್ಲಿ ಮೂವತ್ತು ವರ್ಷ ಟೈಮ್‌ಕೀಪರ್ ಆಗಿದ್ದವನು. ಈಗ ಹಳೆಯ ಕೆಲಸಗಾರರ ಮಾತುಗಳನ್ನು ರೆಕಾರ್ಡ್ ಮಾಡಿಡುತ್ತಾನೆ. ಅವನ ತಂಗಿಯ ಮಗ ಒಂದು ಪ್ರೋಗ್ರಾಮ್ ಮಾಡಿಕೊಟ್ಟಿದ್ದಾನೆ: ರೆಕಾರ್ಡರಿನ ಮೆಮೊರಿ ಕಾರ್ಡು ಹಾಕಿದರೆ ಮಾತುಗಳೆಲ್ಲ ಕ್ಲೌಡಿಗೆ ಹೋಗುತ್ತವೆ, ಸರಿ ಹೋಯ್ತು ಎಂದು ಬಂದ ಮೇಲೆ ಕಾರ್ಡು ಖಾಲಿಯಾಗುತ್ತದೆ. 'ನಲವತ್ತೊಂದು ಮಂದಿಯ ಮಾತು ಕಳಿಸಿದೆ. ನಲವತ್ತೊಂದಕ್ಕೂ ಸರಿ ಹೋಯ್ತು ಅಂತ ಬಂತು, ನಾನು ಕೈಯಲ್ಲಿ ಬರೆದುಕೊಂಡಿದ್ದೇನೆ. ಈಗ ನೋಡಿದರೆ ಮೂವತ್ತೆಂಟು ಇದೆ. ಇಲ್ಲದ ಮೂವರಲ್ಲಿ ಒಬ್ಬಾಕೆ ನೂಲಿನ ವಿಭಾಗದವಳು, ಹೋದ ವಾರ ತೀರಿಕೊಂಡಳು, ಮಗಳು ಅಮ್ಮನ ದನಿ ಕೇಳಿಸಿ ಎಂದು ಬಂದು ಕೂತಿದ್ದಳು. ಗಿರಣಿ ಕೆಲಸಗಾರರ ಸಂಘದವರು ನನಗೆ ಗುಂಡಿ ಒತ್ತಲಿಕ್ಕೂ ಬರುವುದಿಲ್ಲ ಅನ್ನುತ್ತಿದ್ದಾರೆ. ಇರಬಹುದು. ನನ್ನ ಬೆರಳು ಈಗ ನಡುಗುತ್ತದೆ. ನಾನು ಏನು ತಪ್ಪು ಒತ್ತಿದೆ ಎಂದು ತಿಳಿಸಿದರೆ ಉಪಕಾರ. ಬರುವ ಬುಧವಾರ ಅದೇ ಕಾರ್ಡಿನಲ್ಲಿ ಮುಂದಿನ ರೆಕಾರ್ಡಿಂಗ್ ಇದೆ, ಆಗ ಮತ್ತೆ ತಪ್ಪಬಾರದು.'

ಅವಳು ಅದನ್ನು ಓದಿ ಮುಗಿಸುವ ಮೊದಲೇ ಎಲ್ಲ ಅರ್ಥವಾಗಿತ್ತು. ಉಗ್ರಾಣ 'ಬಂತು' ಅಂದಿದೆ, ಜೋಡಿಸುವಾಗ ಎಡವಿದೆ, 'ಇಟ್ಟೆ' ಅಂದೇ ಇಲ್ಲ. ಲೈಬ್ರರಿ ಅಷ್ಟರಲ್ಲಿ ಸರಿ ಎಂದುಬಿಟ್ಟಿದೆ. ಕಳ್ಳ ಹೂಂ. ಆ ಶಬ್ದ ತಲೆಗೆ ಬಂದಾಗ ಅವಳು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದಳು. ಒಂದೇ ಸಾಲಿನ ತಿದ್ದುಪಡಿ. ಗುರುವಾರ ಸಂಜೆಯೇ ಮಾಡಿ ನಾಲ್ಕು-ಹನ್ನೊಂದು-ಎಂಟಕ್ಕೆ ಸೇರಿಸಿದ್ದಳು. ಇವತ್ತು ಹೊರಡುತ್ತದೆ, ನಾಳೆಯಿಂದ ಯಾರಿಗೂ ಹೀಗಾಗುವುದಿಲ್ಲ. ಆದರೆ ಆಗಿಹೋದದ್ದು? ಖಾಲಿ ಮಾಡಿದ ಕಾರ್ಡಿನಲ್ಲಿ ಹಳೆಯದು ಕೂಡಲೆ ಅಳಿಯುವುದಿಲ್ಲ, ಮೇಲೆ ಹೊಸದು ಬೀಳುವ ತನಕ ಅಡಿಯಲ್ಲಿ ಹಾಗೇ ಇರುತ್ತದೆ, ತೆಗೆಯಬಲ್ಲವರು ತೆಗೆದುಕೊಡುತ್ತಾರೆ. ಬುಧವಾರದ ತನಕ ಇರುತ್ತದೆ. ಬುಧವಾರ ಅಂದರೆ ನಾಳೆ.

"ಎರಡು ದಿನ ಮೊದಲು ಬಂದಿದ್ರೆ," ಎಂದಿದ್ದರು ಮೂರು ತಿಂಗಳ ಹಿಂದೆ ಕಣ್ಣಿನ ಡಾಕ್ಟರು, ಕೈ ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ. "ಪರದೆ ಬಿದ್ದ ಹಾಗೆ ಅನ್ನಿಸಿರುತ್ತೆ ಇವರಿಗೆ. ಹೇಳಿರ್ಲಿಲ್ವಾ ಯಾರಿಗೂ?" ಅಮ್ಮ ಅಜ್ಜಿಯ ಕಡೆ ತಿರುಗಿದ್ದಳು. ಅಜ್ಜಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಇನ್ನೊಂದು ಕಣ್ಣನ್ನು ಗೋಡೆಯ ಅಕ್ಷರಗಳ ಮೇಲಿಟ್ಟು, "ಇಲ್ಲ, ಯಾರಿಗೂ ಹೇಳಿಲ್ಲ," ಎಂದಳು. ಹೇಳಿದ್ದಳು. ಅವಳು ಆ ಒಂಬತ್ತು ಸೆಕೆಂಡನ್ನು ಕೀಳುತ್ತ ಮನೆಯ ಮೇಜಿನ ಮುಂದೆ ಕೂತಿದ್ದಾಗ ಅಜ್ಜಿ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, "ಪುಟ್ಟಿ, ಎಡಗಣ್ಣಿಗೆ ಮೇಲಿಂದ ಏನೋ ಕಪ್ಪು ಪರದೆ ಇಳಿದ ಹಾಗಾಗ್ತಿದೆ ಕಣೆ," ಎಂದಿದ್ದಳು. ಹೂಂ, ಎಂದಿದ್ದಳು ಅವಳು. "ಬೆಳಿಗ್ಗೆ ಅರ್ಧಕ್ಕಿತ್ತು, ಈಗ ಇನ್ನೂ ಕೆಳಗೆ ಬಂದಿದೆ." ಹೂಂ. ಸ್ವಲ್ಪ ಹೊತ್ತು ಕೂತಿದ್ದು ಅಜ್ಜಿ ಎದ್ದು ಹೋಗಿದ್ದಳು. ಪಕ್ಕೆಗೆ ಬೆರಳು ಚುಚ್ಚಿರಲಿಲ್ಲ. ಕೆಲಸದಲ್ಲಿದ್ದಾಳೆ ಮಗು ಎಂದುಕೊಂಡಳೋ, ಕೇಳಿಸಿಕೊಂಡಿದ್ದಾಳೆ, ಏನಾದರೂ ಮಾಡುತ್ತಾಳೆ ಎಂದುಕೊಂಡು ಎರಡು ದಿನ ಕಾದಳೋ. ಈ ಎರಡನೆಯದನ್ನು ಯೋಚಿಸಿದಾಗೆಲ್ಲ ಅವಳಿಗೆ ಕೂತ ಜಾಗ ಬಿಸಿಯಾಗುತ್ತದೆ.

ತಂಡದ ಮುಖ್ಯಸ್ಥನಿಗೆ ಎಲ್ಲರೂ ಬೆನ್ನ ಹಿಂದೆ ಅಲ್ಪವಿರಾಮ ಎನ್ನುತ್ತಾರೆ. ಟಿಪ್ಪಣಿಗಳಲ್ಲಿ ಅವನು ಅದನ್ನು ಬಿಟ್ಟು ಬೇರೇನನ್ನೂ ತಿದ್ದುವುದಿಲ್ಲ. ಇವತ್ತು ತಿದ್ದಿದ್ದ. ಸೋಮವಾರ ಅವಳು ತಪ್ಪೊಪ್ಪಿ ಬರೆದಿಟ್ಟಿದ್ದ ನಾಲ್ಕು ಸಾಲನ್ನು ಪೂರಾ ಅಳಿಸಿ, 'ಸಣ್ಣಪುಟ್ಟ ತಿದ್ದುಪಡಿಗಳು' ಎಂದು ಬರೆದಿದ್ದ, ಅವಳದೇ ಮಾತು. ಹನ್ನೊಂದೂವರೆಗೆ ಅವನ ಗಾಜಿನ ಕೋಣೆಯ ಬಾಗಿಲಿಗೆ ಬೆರಳ ಗೆಣ್ಣು ತಾಗಿಸಿದಳು.

"ಬಾಮ್ಮ, ಕೂತ್ಕೊ. ಟಿಪ್ಪಣಿ ವಿಷಯ ತಾನೆ? ನಾನೇ ಕರೀಬೇಕು ಅಂತಿದ್ದೆ."

"ಸರ್, ಅದು ಸಣ್ಣದಲ್ಲ. ಏಳನೇದು ಹಾಕ್ಕೊಂಡವರು ಎಲ್ಲರೂ ಒಂದ್ಸಲ ಎಣಿಸಿ ನೋಡ್ಬೇಕು. ಅವರ ಹತ್ರ ಇನ್ನೂ ಮೂಲ ಇರಬಹುದು."

"ಎಷ್ಟು ದೂರು ಬಂದಿದೆ?"

"ಒಂದು."

"ಒಂದು," ಎಂದ ಅವನು, ಮೃದುವಾಗಿ. ಕೆಟ್ಟವನಲ್ಲ, ಅವಳಿಗೆ ಜ್ವರ ಬಂದಾಗ ಮಾತ್ರೆಯ ಪಟ್ಟಿಯನ್ನೇ ಮೇಜಿನ ಮೇಲಿಟ್ಟು ಹೋಗಿದ್ದವನು. "ಒಬ್ಬ ವಯಸ್ಸಾದವರು. ಅವರೇ ಬರ್ದಿದಾರೆ ಬೆರಳು ನಡುಗುತ್ತೆ ಅಂತ. ಅವರ ದೂರಿಗೆ, ಮತ್ತೆ ಹಾಗೆ ಆಗಿದ್ದು ನಮಗೆ ಕಾಣಿಸಲಿಲ್ಲ ಅಂತ ಹಾಕಿ ಮುಚ್ಚಿಬಿಡು. ಸುಳ್ಳೇನಲ್ಲ, ಎಂಟರಲ್ಲಿ ಕಾಣಿಸಲ್ವಲ್ಲ." ಕಿಟಕಿಯ ಕಡೆ ನೋಡಿದ. "ಮೂರನೇ ಅಂಕಿಯ ಟಿಪ್ಪಣಿ ಯಾರೂ ಓದಲ್ಲಮ್ಮ. ಓದಿದ್ರೆ ಓದಬಾರದವರೇ ಓದ್ತಾರೆ. ಶುಕ್ರವಾರ ನಿನ್ನ ಕಾಯಂ ಪತ್ರಕ್ಕೆ ಸಹಿ ಆಗುತ್ತೆ. ಈ ವಾರ ನಿನ್ನ ಹೆಸರು ಯಾರ ಬಾಯಲ್ಲೂ ಬರಬಾರದು, ಅಷ್ಟು ನೋಡ್ಕೊ."

"ಹೂಂ," ಎಂದಳು ಅವಳು.

ಹೊರಗೆ ಬಂದು, ಎರಡು ಮೇಜು ದಾಟುವಷ್ಟರಲ್ಲಿ ತಾನು ಅಂದದ್ದು ಕೇಳಿಸಿತು. ನೀರಿನ ಯಂತ್ರದ ಹತ್ತಿರ ನಿಂತು ಲೋಟ ತುಂಬಿ ಹರಿದು ಬೆರಳ ಮೇಲೆ ಚೆಲ್ಲಿದರೂ ಗುಂಡಿ ಒತ್ತುತ್ತಲೇ ಇದ್ದಳು. ಊಟದ ಹೊತ್ತಿಗೆ ಡಬ್ಬಿ ತೆರೆದು ಮುಚ್ಚಿದಳು. ಟೈಮ್‌ಕೀಪರನ ಮುಖ ಅವಳು ನೋಡಿಲ್ಲ, ಆದರೂ ಕಣ್ಣು ಮುಚ್ಚಿದರೆ ಒಂದು ಮರದ ಮೇಜು, ಅದರ ಮೇಲೆ ಕೈಯಲ್ಲಿ ಬರೆದ ನಲವತ್ತೊಂದು ಗೆರೆಗಳು, ಗೆರೆಗಳನ್ನು ಮತ್ತೆ ಮತ್ತೆ ಎಣಿಸುವ ನಡುಗುವ ಬೆರಳು. ಮೂವತ್ತು ವರ್ಷ ಇನ್ನೊಬ್ಬರು ಎಷ್ಟು ಗಂಟೆಗೆ ಬಂದರು, ಎಷ್ಟಕ್ಕೆ ಹೋದರು ಎಂದು ತಪ್ಪಿಲ್ಲದೆ ಬರೆದವನು ಈಗ ತನ್ನ ಬೆರಳನ್ನೇ ನಂಬುತ್ತಿಲ್ಲ. ಅವನ ಎದುರು ತಾಯಿಯ ದನಿ ಕೇಳಲು ಬಂದ ಮಗಳು ಕೂತಿದ್ದಾಳೆ. ಅವನು ಹೇಳುತ್ತಿದ್ದಾನೆ: ಇಲ್ಲಮ್ಮ, ತಪ್ಪು ನನ್ನದೇ. ಗೋಡೆಯ ಅಕ್ಷರಗಳ ಮೇಲೆ ಕಣ್ಣಿಟ್ಟು ಹೇಳುತ್ತಿದ್ದಾನೆ.

ಅವನು ಅಳಿಸಿದ್ದ ನಾಲ್ಕು ಸಾಲನ್ನು ಮೂರೂವರೆಗೆ ಅವಳು ಮತ್ತೆ ಹಾಕಿದಳು. ತೆಗೆದಳು. ಹಾಕಿದಳು. ಇವತ್ತು ಹೊಸ ಆವೃತ್ತಿ ಕಳಿಸುವ ಗುಂಡಿ ಒತ್ತುವ ಸರದಿ ಅವಳದು. ಆದರೆ ಒತ್ತುವ ಮೊದಲು ಇನ್ನೊಬ್ಬರು ಓದಿ 'ಸರಿ ಇದೆ' ಎನ್ನಬೇಕು, ಅದು ನಿಯಮ. ಆ ಇನ್ನೊಬ್ಬರು ಎಂದರೆ ಪರೀಕ್ಷೆ ವಿಭಾಗದ ದೊಡ್ಡಕ್ಕ. ದೊಡ್ಡಕ್ಕ ಯಾರಿಗೂ ಅಕ್ಕನಲ್ಲ, ಆಫೀಸಿನಲ್ಲಿ ಎಲ್ಲರಿಗಿಂತ ಹಳಬಳು, ಬಾಯಿ ಖಾರ, ಮೇಜಿನ ಕೆಳಗೆ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂರುತ್ತಾಳೆ. ಏಳನೆಯ ಆವೃತ್ತಿಗೂ ಸರಿ ಇದೆ ಎಂದವಳು ಅವಳೇ.

"ಏನಮ್ಮ ಮಹಾರಾಯ್ತಿ, ಮುಖ ಒಗೆದ ಬಟ್ಟೆ ಹಾಗಾಗಿದೆ. ಯಾರು ಹಿಂಡಿದ್ರು?"

"ಅಕ್ಕ, ಟಿಪ್ಪಣಿ ಓದಿ."

"ಓದೋದೇನು, ಸಣ್ಣಪುಟ್ಟ ತಾನೆ. ಒತ್ತಿಬಿಡ್ತೀನಿ ತಗೋ."

"ಓದಿ ಅಕ್ಕ. ಪೂರ್ತಿ."

ದೊಡ್ಡಕ್ಕ ಕನ್ನಡಕ ಇಳಿಸಿಕೊಂಡು ಓದಿದಳು. ನಾಲ್ಕೇ ಸಾಲು. 'ನಾಲ್ಕು-ಹನ್ನೊಂದು-ಏಳರಲ್ಲಿ ನಾವು ತಪ್ಪು ಮಾಡಿದ್ದೇವೆ. ದೊಡ್ಡ ಕಡತಗಳು ಉಗ್ರಾಣದಲ್ಲಿ ನಿಲ್ಲುವ ಮೊದಲೇ ನಿಂತವು ಎಂದು ಹೇಳಿದ್ದೇವೆ. ಆ ಆವೃತ್ತಿ ಬಳಸಿದವರು ದಯವಿಟ್ಟು ಎಣಿಸಿ ನೋಡಿ, ಮೂಲವನ್ನು ಅಳಿಸಿದ್ದರೆ ಅದರ ಮೇಲೆ ಏನನ್ನೂ ಬರೆಯಬೇಡಿ. ಕಡಿಮೆ ಬಿದ್ದಿದ್ದರೆ ತಪ್ಪು ನಿಮ್ಮದಲ್ಲ.' ಓದಿ ಮುಗಿದ ಮೇಲೂ ಅವಳ ಕಣ್ಣು ಪರದೆಯ ಮೇಲೇ ಇತ್ತು.

"ಅವನು ನೋಡಿದಾನಾ?"

"ಬೇಡ ಅಂದ್ರು."

"ಹಾಗಿದ್ಮೇಲೆ ನನ್ನ ಹತ್ರ ಯಾಕೆ ತಂದೆ? ನಿನ್ನ ಜೊತೆ ನಾನೂ ಮುಳುಗ್ಲಿ ಅಂತಲಾ?" ದೊಡ್ಡಕ್ಕ ಹಳೆಯ ಕಡತ ತೆಗೆದು ಏಳನೆಯದರ ದಾಖಲೆಗೆ ಹೋದಳು. ಓದಲು ಕಳಿಸಿದ ಹೊತ್ತು ಇತ್ತು. ಅದರ ಕೆಳಗೆ ದೊಡ್ಡಕ್ಕನ 'ಸರಿ ಇದೆ'. ನಡುವೆ ನಲವತ್ತು ಸೆಕೆಂಡು. ಅಂಗಾಲಿನಿಂದ ಚಪ್ಪಲಿ ಹುಡುಕುತ್ತ, ದನಿ ಇಳಿಸಿ ಹೇಳಿದಳು, "ನಾನು ಓದಿರ್ಲಿಲ್ಲ ಕಣೆ. ಮಗಳ ಸ್ಕೂಲಿಂದ ಫೋನು ಬಂದಿತ್ತು. ನೀನು ಬರ್ದಿದ್ದು ಅಂದ್ರೆ ಸರಿಯಾಗೇ ಇರುತ್ತೆ ಅಂತ..." ಹೊಸ ಟಿಪ್ಪಣಿಯ ಮೊದಲ ಸಾಲಿಗೆ ಹೋಗಿ ಮತ್ತೆ ಓದಿದಳು. "'ನಾವು' ಅಂತ ಹಾಕಿದೀಯಲ್ಲ, ಅಷ್ಟು ಪುಣ್ಯ." ಗುಂಡಿ ಒತ್ತಿದಳು. ಸರಿ ಇದೆ.

ನಾಲ್ಕಕ್ಕೆ ಅವಳು ಒತ್ತಿದಳು. ಏನೂ ಆಗಲಿಲ್ಲ, ಯಾವಾಗಲೂ ಏನೂ ಆಗುವುದಿಲ್ಲ. ಒಂದು ಹಸಿರು ಗೆರೆ ಎಡದಿಂದ ಬಲಕ್ಕೆ ಹರಿದು ನಿಲ್ಲುತ್ತದೆ. ಒಮ್ಮೆ ಹೊರಟದ್ದನ್ನು ವಾಪಸು ಕರೆಯಲಾಗದು. ದೂರಿನ ಪುಟಕ್ಕೆ ಹೋಗಿ ಟೈಮ್‌ಕೀಪರನಿಗೆ ಬರೆದಳು, ಗುರುವಾರದಿಂದ ತಲೆಯಲ್ಲಿ ಬರೆಯುತ್ತಲೇ ಇದ್ದುದರಿಂದ ಒಂದೇ ಉಸಿರಿಗೆ: 'ನೀವು ಒತ್ತಿದ್ದು ಸರಿಯಾಗಿಯೇ ಇತ್ತು. ನಮ್ಮ ಲೈಬ್ರರಿ ನಿಮಗೆ ಸುಳ್ಳು ಹೇಳಿತು, ಅದನ್ನು ಹಾಗೆ ಬರೆದವಳು ನಾನು. ನಾಳೆ ಆ ಕಾರ್ಡಿನಲ್ಲಿ ಏನನ್ನೂ ರೆಕಾರ್ಡ್ ಮಾಡಬೇಡಿ. ಅಳಿಸಿದ್ದನ್ನು ತೆಗೆದುಕೊಡುವವರಿಗೆ ಕೊಡಿ. ಮೂರೂ ಸಿಗುತ್ತವೆ ಎಂದು ನಾನು ಹೇಳಲಾರೆ. ಸಿಗಬಹುದು.' ಕೊನೆಯ ಎರಡು ವಾಕ್ಯಗಳನ್ನು ಅಳಿಸಬೇಕೆನ್ನಿಸಿತು. ಅಳಿಸಲಿಲ್ಲ.

ಅಲ್ಪವಿರಾಮ ನಾಲ್ಕೂಕಾಲಿಗೆ ಬಂದು ಅವಳ ಮೇಜಿನ ಅಂಚಿಗೆ ಕೈಯೂರಿ ನಿಂತ. ಸಿಟ್ಟು ಮಾಡಲಿಲ್ಲ. ಅದಕ್ಕೆ ಸಿದ್ಧಳಾಗಿದ್ದ ಅವಳ ಬೆನ್ನು ಸುಮ್ಮನೆ ಬಿಗಿದುಕೊಂಡೇ ಉಳಿಯಿತು. "ಈಗ ತೆಗೆದ್ರೆ ಇನ್ನೂ ಅನುಮಾನ," ಎಂದ, ತನಗೇ ಎಂಬಂತೆ. ಅವಳ ಪರದೆಯ ಮೇಲಿದ್ದ ಟಿಪ್ಪಣಿಯನ್ನು ಓದಿದ. "'ದಯವಿಟ್ಟು ಎಣಿಸಿ ನೋಡಿ' ಆದ್ಮೇಲೆ ಅಲ್ಪವಿರಾಮ ಅಲ್ಲ, ಪೂರ್ಣವಿರಾಮ ಬರ್ಬೇಕಿತ್ತು." ಹೋಗುತ್ತ ತಿರುಗಿದ. "ಶುಕ್ರವಾರದ್ದು ಮುಂದಕ್ಕೆ ಹೋಗುತ್ತೆ ಅನ್ಸುತ್ತೆ. ಎಷ್ಟು ಮುಂದಕ್ಕೆ ಅಂತ ನನ್ನ ಕೇಳ್ಬೇಡ."

ಹೊರಡುವ ಮೊದಲು ಪುಟವನ್ನು ಮತ್ತೊಮ್ಮೆ ತೆರೆದಳು. ಟೈಮ್‌ಕೀಪರ್ ಬರೆದಿದ್ದ, ಒಂದೇ ಸಾಲು: 'ಓದಿದೆ. ಕಾರ್ಡು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಸಮಯ ನಾಲ್ಕು ಐವತ್ತೆರಡು.'

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಜ್ಜಿ ಬಾಲ್ಕನಿಯ ಕುರ್ಚಿಯಲ್ಲಿ, ಬಲಗಣ್ಣು ರಸ್ತೆಯ ಕಡೆ ಬರುವಂತೆ ಓರೆಯಾಗಿ ಕೂತಿದ್ದಳು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಉಜ್ಜುತ್ತಿದ್ದಳು. ಅವಳು ಚೀಲ ಇಳಿಸದೆ, ಅದೇ ಸ್ಟೂಲನ್ನು ಎಳೆದುಕೊಂಡು, ಅಜ್ಜಿಗೆ ಕಾಣದ ಎಡಮಗ್ಗುಲಲ್ಲಿ ಕೂತಳು. ಆಮೇಲೆ ಎದ್ದು ಬಲಮಗ್ಗುಲಿಗೆ ಬಂದಳು.

"ಬೇಗ ಬಂದ್ಯಲ್ಲೇ. ನಿಮ್ಮ ಲೈಬ್ರರಿ ಮುಚ್ಚಿದ್ರಾ?"

"ಒಂದು ಕಥೆ ಹೇಳ್ತೀನಿ ಅಜ್ಜಿ. ಹೂಂ ಅನ್ನು."

"ನೀನು ಹೇಳ್ತೀಯಾ? ಹೇಳಪ್ಪ. ಹೂಂ."

"ಒಂದು ಮನೆಯಲ್ಲಿ ಒಬ್ಬಳು ಅಜ್ಜಿ ಇದ್ಲು."

"ಹೂಂ."

"ಅವಳು ಒಂದಿನ ಮೊಮ್ಮಗಳ ಪಕ್ಕ ಬಂದು ಕೂತು, ಕಣ್ಣಿಗೆ ಪರದೆ ಇಳೀತಿದೆ ಅಂದ್ಲು."

ಅಜ್ಜಿ ಹೂಂ ಅನ್ನಲಿಲ್ಲ. ಕೈ ಮಾತ್ರ ಕುರ್ಚಿಯ ತೋಳಿನಿಂದ ಎದ್ದು, ಅವಳ ಪಕ್ಕೆಯನ್ನು ಹುಡುಕಿಕೊಂಡು ಬಂತು. "ಸುಮ್ನಿರೆ," ಎಂದಳು ಮೆಲ್ಲಗೆ, "ನಿಮ್ಮಮ್ಮಂಗೆ ಕೇಳ್ಸುತ್ತೆ."

"ಕೇಳ್ಸಲಿ ಅಂತಲೇ ಹೇಳ್ತಿರೋದು," ಎಂದಳು ಅವಳು. ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಹೊರಟಿತು. "ಮೊಮ್ಮಗಳು ಹೂಂ ಅಂದ್ಲು. ಎರಡು ಸಲ ಅಂದ್ಲು. ಎರಡೂ ಕಳ್ಳ ಹೂಂ."

ಒಳಗೆ ಪಾತ್ರೆಯ ಸದ್ದು ನಿಂತಿತು. ನಲ್ಲಿಯಲ್ಲಿ ನೀರು ಹರಿಯುತ್ತಲೇ ಇತ್ತು, ಯಾರೂ ನಿಲ್ಲಿಸಲಿಲ್ಲ. ಅಜ್ಜಿಯ ಬೆರಳು ಅವಳ ಪಕ್ಕೆಯ ಮೇಲಿತ್ತು, ಚುಚ್ಚಲೋ ಬೇಡವೋ ಎಂದು ಯೋಚಿಸುತ್ತಿರುವ ಹಾಗೆ. ಕೆಳಗೆ ರಸ್ತೆಯಲ್ಲಿ ಯಾರೋ ಯಾರನ್ನೋ ಕೂಗಿದರು. ಅಮ್ಮನ ಹೆಜ್ಜೆ ಬಾಗಿಲ ತನಕ ಬಂದು ಅಲ್ಲೇ ನಿಂತದ್ದು ಅವಳಿಗೆ ತಿರುಗಿ ನೋಡದೆಯೂ ಗೊತ್ತಾಯಿತು.

"ಹೂಂ," ಎಂದಳು ಅಜ್ಜಿ ಕೊನೆಗೆ. "ಆಮೇಲೆ?"